ಸಿಸ್ಟಮ್ ಫೈಲ್ ಮುಟ್ಟದೆ ಕನ್ನಡ ಟೆಸ್ಟ್ ಮಾಡಿ

ಆ್ಯಪ್‌ನಲ್ಲಿ ಕನ್ನಡ ಯಾಕೆ ಟೆಸ್ಟ್ ಆಗಿಲ್ಲ ಅಂತ ಕೇಳಿದರೆ ಎಷ್ಟೋ ಸಲ ಬರುವ ಉತ್ತರ ಇದು: ‘ಸರ್ವರ್‌ನಲ್ಲಿ ಕನ್ನಡ ಲೊಕೇಲ್ ಇಲ್ಲ, ಹಾಕೋಕೆ ರೂಟ್ ಪರ್ಮಿಷನ್ ಬೇಕು, ಟಿಕೆಟ್ ಹಾಕಿದ್ದೀವಿ.’ ಟಿಕೆಟ್ ಅಲ್ಲೇ ಕೂತಿರುತ್ತೆ, ರಿಲೀಸ್ ಹೋಗಿಬಿಡುತ್ತೆ. ಕನ್ನಡ ಮತ್ತೆ ಮುಂದಿನ ಸ್ಪ್ರಿಂಟ್‌ಗೆ.

ಆ ಟಿಕೆಟ್ಟೇ ಬೇಕಾಗಿಲ್ಲ.

ಲೊಕೇಲ್ ಅಂದರೆ ವಾರದ ಹೆಸರು, ತಿಂಗಳ ಹೆಸರು, ಸಂಖ್ಯೆ ಬರೆಯುವ ರೀತಿ, ಅಕಾರಾದಿ ಕ್ರಮ ಇವೆಲ್ಲ ಇರುವ ಡೇಟಾ. ಉಬುಂಟು, ಡೆಬಿಯನ್‌ಗಳಲ್ಲಿ ಇದನ್ನು ಓದುವುದು ಜಿಲಿಬ್‌ಸಿ ಎಂಬ ಲೈಬ್ರರಿ. ಅದು ಹುಡುಕುವುದು ಸಿಸ್ಟಮ್ ಫೋಲ್ಡರಿನಲ್ಲಿ. ಆದರೆ ‘ಲೊಕ್‌ಪಾತ್’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ಕೊಟ್ಟರೆ ನೀವು ಹೇಳಿದ ಫೋಲ್ಡರಿನಲ್ಲಿ ಹುಡುಕುತ್ತೆ. ಮನೆ ಬನಶಂಕರಿಯಲ್ಲಿದೆ, ಇವತ್ತಿನ ಪಾರ್ಸೆಲ್ ಮಾತ್ರ ಜಯನಗರದ ಆಫೀಸಿಗೆ ತನ್ನಿ ಅಂತ ಹೇಳಿದ ಹಾಗೆ. ಅದಕ್ಕಾಗಿ ಆಧಾರ್‌ನಲ್ಲಿ ಅಡ್ರೆಸ್ ಬದಲಾಯಿಸೋದು ಬೇಡ.

ಮಾಡುವುದು ಹೀಗೆ. ಸರ್ವರ್‌ನಲ್ಲಿರುವ ವರ್ಷನ್ನೇ ಇರುವ ಲ್ಯಾಪ್‌ಟಾಪ್‌ನಲ್ಲಿ ‘ಲೊಕೇಲ್‌ಡೆಫ್’ ಕಮಾಂಡಿನಿಂದ ಕನ್ನಡ ಲೊಕೇಲನ್ನು ನಿಮ್ಮದೇ ಫೋಲ್ಡರಿಗೆ ಕಂಪೈಲ್ ಮಾಡಿ, ಅದನ್ನು ಸರ್ವರ್‌ಗೆ ಕಾಪಿ ಮಾಡಿ. ಟೆಸ್ಟ್ ಓಡಿಸುವ ಸಾಲಿನ ಮುಂದೆಯೇ ಲೊಕ್‌ಪಾತ್‌ಗೆ ಆ ಫೋಲ್ಡರ್, ‘ಎಲ್‌ಸಿ ಆಲ್’ಗೆ ಕನ್ನಡ ಲೊಕೇಲ್ ಕೊಡಿ. ಬದಲಾವಣೆ ಆ ಒಂದು ಪ್ರೋಗ್ರಾಮಿಗೆ, ಅದು ಶುರು ಮಾಡುವ ಪ್ರೋಗ್ರಾಮುಗಳಿಗೆ ಮಾತ್ರ. ಅದೇ ಸರ್ವರ್ ಬಳಸುವ ಬೇರೆಯವರಿಗೆ ಗೊತ್ತೂ ಆಗಲ್ಲ.

ಮೂರು ಎಚ್ಚರ ಇರಲಿ.

ಒಂದು, ಫೋಲ್ಡರ್ ಹೆಸರು ತಪ್ಪಿದರೆ ಎಷ್ಟೋ ಪ್ರೋಗ್ರಾಮ್‌ಗಳು ಎರರ್ ಕೊಡದೆ ಸುಮ್ಮನೆ ಇಂಗ್ಲಿಷ್‌ಗೆ ಇಳಿದುಬಿಡುತ್ತವೆ. ಟೆಸ್ಟ್ ಪಾಸ್, ಕನ್ನಡ ಮಾತ್ರ ಟೆಸ್ಟೇ ಆಗಿಲ್ಲ! ಅದಕ್ಕೇ ಮೊದಲ ಟೆಸ್ಟ್‌ನಲ್ಲಿ ವಾರದ ಹೆಸರು ‘ಸೋಮವಾರ’ ಅಂತ ಬರುತ್ತಾ ನೋಡಿ.

ಎರಡು, ಇದು ಜಿಲಿಬ್‌ಸಿಗೆ ಮಾತ್ರ. ಆಲ್ಪೈನ್ ಕಂಟೇನರ್‌ನಲ್ಲಿರುವುದು ಮಸಲ್ ಲೈಬ್ರರಿ, ಅಲ್ಲಿ ನಡೆಯಲ್ಲ. ನೋಡ್‌ಜೆಎಸ್ ದಿನಾಂಕಕ್ಕೆ ಐಸಿಯು ಎಂಬ ಬೇರೆ ಡೇಟಾ ಓದುತ್ತೆ.

ಮೂರು, ರೂಟ್ ಅಧಿಕಾರದಲ್ಲಿ ಓಡುವ ಸೆಟ್‌ಯುಐಡಿ ಪ್ರೋಗ್ರಾಮ್‌ಗಳಲ್ಲಿ ಲೊಕ್‌ಪಾತ್ ನಡೆಯಲ್ಲ. ಯಾರು ಬೇಕಾದರೂ ತಮ್ಮ ಫೈಲನ್ನು ಅದರ ಕೈಗೆ ಕೊಡುವಂತಾದರೆ ಅಪಾಯ, ಅದಕ್ಕೇ ಈ ಬೇಲಿ.

ಈ ಉಪಾಯ ಹೊಸದಲ್ಲ. ಎನ್ವಿರಾನ್‌ಮೆಂಟ್ ವೇರಿಯಬಲ್ 1979ರ ಯುನಿಕ್ಸ್ 7ನೇ ಆವೃತ್ತಿಯಿಂದಲೂ ಇದೆ. ಟೈಮ್‌ಝೋನ್ ಡೇಟಾಗೆ, ಫಾಂಟ್ ಕಾನ್ಫಿಗರೇಷನ್‌ಗೆ, ಟೆಂಪ್ ಫೋಲ್ಡರಿಗೂ ಇಂಥವೇ ಇವೆ. ನಿಮ್ಮ ಕೋಡ್‌ನಲ್ಲೂ ಸಿಸ್ಟಮ್ ಪಾತ್ ನೇರವಾಗಿ ಬರೆಯಬೇಡಿ. ಮೊದಲು ವೇರಿಯಬಲ್ ಇದೆಯಾ ನೋಡಲಿ, ಇಲ್ಲದಿದ್ದರೆ ಮಾಮೂಲಿ ಜಾಗಕ್ಕೆ ಹೋಗಲಿ. ಒಂದು ಸಾಲಿನ ಕೆಲಸ. ನಿಮ್ಮ ನಂತರ ಟೆಸ್ಟ್ ಬರೆಯುವವರು ಅಡ್ಮಿನ್‌ಗೆ ಕಾಯುವುದು ತಪ್ಪುತ್ತೆ, ‘ಕನ್ನಡ ಆಮೇಲೆ ನೋಡೋಣ’ ಅನ್ನೋಕೆ ಒಂದು ನೆಪವೂ ಕಮ್ಮಿ ಆಗುತ್ತೆ.