ಮಿಸ್ಟರಿ ಬಾಕ್ಸ್‌ನ ಬಂಗಾರ

ಕಳೆದ ಚಳಿಗಾಲದ ಒಂದು ಶನಿವಾರ. ನಮ್ಮ ಅಪಾರ್ಟ್‌ಮೆಂಟ್ ಬಾಗಿಲಿಗೆ ಐದನೇ ರಟ್ಟಿನ ಡಬ್ಬಿ ಬಂದಿತ್ತು. ನಾನು ಮಾತಾಡ್ಲಿಲ್ಲ. ಇವರೂ ಮಾತಾಡ್ಲಿಲ್ಲ. ಯಾಕಂದ್ರೆ ಆ ಡಬ್ಬಿ ಬರೋದು ನನಗೆ ಗೊತ್ತಾಗಿದ್ದು ಇವರ ಬಾಯಿಂದ ಅಲ್ಲ, ಕ್ರೆಡಿಟ್ ಕಾರ್ಡ್ ಬಿಲ್‌ನಿಂದ.

ಮೊದಲು ಹಿನ್ನೆಲೆ ಹೇಳ್ಬಿಡ್ತೀನಿ. ನಾವಿರೋದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ. ಇವರ ಕೆಲಸ ಹೋಗಿ ಆಗ 31 ದಿನ. ಎಚ್-1ಬಿ ವೀಸಾದಲ್ಲಿರೋರಿಗೆ ಈ ಲೆಕ್ಕ ಬಾಯಿಪಾಠ. ಕೆಲಸ ಹೋದ್ರೆ ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಬೇರೆ ಕಂಪನಿ ಅರ್ಜಿ ಹಾಕ್ಬೇಕು, ಇಲ್ಲಾಂದ್ರೆ ಗಂಟುಮೂಟೆ ಕಟ್ಬೇಕು. ನಾನು ಇವರ ವೀಸಾದ ಮೇಲೇ ಇರೋಳು, ನನಗೆ ದುಡಿಯೋ ಅನುಮತಿ ಇಲ್ಲ. ಬೆಳಿಗ್ಗೆ ಪೂರ್ತಿ ಇಂಟರ್‌ವ್ಯೂ, ರಾತ್ರಿ ಪೂರ್ತಿ ನಿದ್ದೆ ಇಲ್ಲ. ಆ ನಿದ್ದೆಯಿಲ್ಲದ ರಾತ್ರಿಗಳಲ್ಲಿ ಇವರಿಗೆ ಹತ್ತಿದ ಹುಚ್ಚೇ ಈ ಮಿಸ್ಟರಿ ಬಾಕ್ಸ್.

ಏನದು ಅಂತೀರಾ? ಇಲ್ಲಿ ಜನ ಬೇಡವಾದ ಸಾಮಾನನ್ನು ದತ್ತಿ ಸಂಸ್ಥೆಗಳಿಗೆ ಕೊಟ್ಟು ಬರ್ತಾರೆ. ಗುಡ್‌ವಿಲ್ ಅಂತ ಒಂದಿದೆ, 1902ರಲ್ಲಿ ಬಾಸ್ಟನ್‌ನಲ್ಲಿ ಶುರುವಾಗಿದ್ದು. ಕೊಟ್ಟ ಬಟ್ಟೆ, ಪಾತ್ರೆ, ಆಟಿಕೆ ಎಲ್ಲ ಅಂಗಡಿಯಲ್ಲಿಟ್ಟು ಮಾರಿ, ಬಂದ ದುಡ್ಡಲ್ಲಿ ಜನರಿಗೆ ಕೆಲಸದ ತರಬೇತಿ ಕೊಡಿಸ್ತಾರೆ. 1999ರಿಂದ ಆನ್‌ಲೈನ್ ಹರಾಜೂ ಇದೆ. ಇನ್ನೂ ಎಷ್ಟೋ ಸಂಸ್ಥೆಗಳು ಇದೇ ದಾರಿ ಹಿಡಿದಿವೆ. ಬಿಡಿಬಿಡಿಯಾಗಿ ಬೆಲೆ ಕಟ್ಟೋಕೆ ಪುರುಸೊತ್ತಿಲ್ಲದ್ದನ್ನ ಒಂದು ಡಬ್ಬಿಗೆ ತುಂಬಿ, ‘ಹಳೇ ವಿಡಿಯೋ ಗೇಮ್‌ಗಳು, ಪರೀಕ್ಷಿಸಿಲ್ಲ, ವಾಪಸ್ ಇಲ್ಲ’ ಅಂತ ಬರೆದು ಹರಾಜಿಗಿಡ್ತಾರೆ. ಒಳಗೇನಿದೆ ಅಂತ ಪೂರ್ತಿ ಕಾಣಲ್ಲ. ಕಾಣದೇ ಇರೋದಕ್ಕೇ ಜನ ಕೂಗೋದು.

ಇವರ ಆಸೆಗೆ ಆಧಾರ ಇರ್ಲಿಲ್ಲ ಅಂತಲ್ಲ. 2013ರಲ್ಲಿ ಇದೇ ರಾಜ್ಯದಲ್ಲಿ, ಷಾರ್ಲೆಟ್ ಕಡೆಯ ಒಂದು ಗುಡ್‌ವಿಲ್ ಅಂಗಡಿಯಲ್ಲಿ ಒಬ್ಬ ಮಹಿಳೆ ಸುಮಾರು 8 ಡಾಲರ್‌ಗೆ ಒಂದು ಗೇಮ್ ಕೊಂಡರು. ಹೆಸರು ‘ಸ್ಟೇಡಿಯಂ ಈವೆಂಟ್ಸ್’. ಅದು ಮಾರಾಟವಾಗಿದ್ದು 25,000 ಡಾಲರ್‌ಗೆ! ಆಟ ಅಂಥಾ ಅದ್ಭುತ ಅಂತೇನಲ್ಲ. ಕಾಲಡಿಗೆ ಚಾಪೆ ಹಾಕ್ಕೊಂಡು ಓಡೋ ಆಟ. 1987ರಲ್ಲಿ ಬಂಡಾಯ್ ಕಂಪನಿ ತಂದಿತ್ತು. ಆಮೇಲೆ ಆ ಚಾಪೆಯ ಹಕ್ಕನ್ನು ನಿಂಟೆಂಡೋ ಕೊಂಡು, ಆಟಕ್ಕೆ ಬೇರೆ ಹೆಸರಿಟ್ಟು ಬಿಡುಗಡೆ ಮಾಡಿತು. ಹಳೇ ಹೆಸರಿನ ಡಬ್ಬಿಗಳು ಅಂಗಡಿಗಳಿಂದ ವಾಪಸ್ ಹೋದವು. ಅಷ್ಟರೊಳಗೆ ಮಾರಾಟವಾಗಿದ್ದು ಸುಮಾರು 200 ಮಾತ್ರ ಅನ್ನೋದು ಸಂಗ್ರಾಹಕರ ಅಂದಾಜು. ಅಂದ್ರೆ ಬೆಲೆ ಆಟದ್ದಲ್ಲ, ಆ ಹೆಸರಿನದ್ದು.

ಇನ್ನೊಂದಿದೆ. 1990ರಲ್ಲಿ ನಿಂಟೆಂಡೋ ಊರೂರಿಗೆ ಹೋಗಿ ನಡೆಸಿದ ಸ್ಪರ್ಧೆಯ ಕಾರ್ಟ್ರಿಜ್. ಸ್ಪರ್ಧಿಗಳಿಗೆ ಕೊಟ್ಟ ಬೂದು ಬಣ್ಣದವು 90, ಪತ್ರಿಕೆಯ ಬಹುಮಾನವಾಗಿ ಹೋದ ಬಂಗಾರದ ಬಣ್ಣದವು 26. ಅಷ್ಟೇ. ಬಂಗಾರದ್ದು ಸಿಕ್ಕವರ ಅದೃಷ್ಟ ಖುಲಾಯಿಸಿತು ಅಂತಲೇ ಲೆಕ್ಕ.

ರಾತ್ರಿ ಎರಡು ಗಂಟೆಗೆ ಲ್ಯಾಪ್‌ಟಾಪ್ ಬೆಳಕಲ್ಲಿ ಇದನ್ನೆಲ್ಲ ಓದ್ತಾ ಕೂತ ಮನುಷ್ಯ, ಕೆಲಸ ಇಲ್ಲದ ಮನುಷ್ಯ, ಏನು ಯೋಚನೆ ಮಾಡ್ತಾನೆ ಹೇಳಿ. “ಒಂದೇ ಒಂದು ಸಿಕ್ಕಿದ್ರೆ ಸಾಕು ಮಾರಾಯ್ತಿ,” ಅನ್ನೋರು.

ಒಂದು ಸಿಗ್ಲಿಲ್ಲ. ಮೊದಲ ಡಬ್ಬಿ ಸಾಗಣೆ ಸೇರಿ 61 ಡಾಲರ್: ಹದಿನೈದು ವರ್ಷ ಹಳೇ ಫುಟ್‌ಬಾಲ್ ಗೇಮ್ ಡಿಸ್ಕ್‌ಗಳು, ಅವೂ ಗೀರು ಬಿದ್ದವು. ಎರಡನೇದು 74: ತಂತಿಗಳ ಗೋಜಲು, ಜೊತೆಗೆ ಒಂದು ಹಳದಿಗಟ್ಟಿದ ನಿಂಟೆಂಡೋ ಯಂತ್ರ. ಮೂರನೇದು 88: ಅದರಲ್ಲಿದ್ದ ಪೋಕೆಮಾನ್ ನಕಲಿ. ನಾಲ್ಕನೇದು 79: ಡಬ್ಬಿ ಇದೆ, ಒಳಗೆ ಆಟ ಇಲ್ಲ. ಐದನೇದಕ್ಕೆ 110. ಒಟ್ಟು 412 ಡಾಲರ್. ಎರಡು ತಿಂಗಳ ದಿನಸಿ ಖರ್ಚನ್ನ ಚೀಟಿಯಲ್ಲಿ ಬರೆದಿಟ್ಟು ಅಳೆದು ಸುರೀತಿದ್ದ ನನಗೆ ಕಣ್ಣು ಕತ್ತಲೆ ಬಂತು.

“ನನ್ನ ಹತ್ರ ಯಾಕ್ರೀ ಮುಚ್ಚಿಟ್ರಿ?”

“ನೀನು ಬೇಡ ಅಂತಿದ್ದೆ ಅಂತ.”

“ಅಂತಿದ್ದೆ, ಹೌದು. ಅದೂ ಅಲ್ಲದೆ, ಸಿಕ್ಕಿದ್ರೂ ಈ ವೀಸಾದಲ್ಲಿ ವ್ಯಾಪಾರ ಮಾಡೋ ಹಾಗಿದ್ಯಾ?”

ಇವರು ತಲೆ ತಗ್ಗಿಸಿದ್ರು. ಆ ಮುಖ ನೋಡಿ ನನಗೇ ಪಿಚ್ಚೆನಿಸ್ತು. ಇವರು ಹುಡುಕ್ತಿದ್ದಿದ್ದು ಗೇಮ್ ಅಲ್ಲ. ದಿನಾ ‘ಕ್ಷಮಿಸಿ, ಈ ಸಲ ನಿಮ್ಮನ್ನು ಆಯ್ಕೆ ಮಾಡಿಲ್ಲ’ ಅನ್ನೋ ಮೇಲ್‌ಗಳ ನಡುವೆ ‘ಅಭಿನಂದನೆ, ನೀವು ಗೆದ್ದಿದ್ದೀರಿ’ ಅಂತ ಬರೋ ಒಂದೇ ಮೇಲ್ ಆ ಹರಾಜಿನದ್ದಾಗಿತ್ತು.

ಸರಿ, ತೆಗೀರಿ ನೋಡೋಣ ಅಂದೆ. ಮೇಲೆ ಹಳೇ ಪೇಪರ್, ಕೆಳಗೆ ಬೂದು ಬಣ್ಣದ ಆರು ಕಾರ್ಟ್ರಿಜ್, ಅದರ ಕೆಳಗೆ ಬಂಗಾರದ ಬಣ್ಣದ್ದು ಒಂದು. ಇವರ ಕೈ ನಡುಗಿತು. ಸತ್ಯ ಹೇಳ್ತೀನಿ, ನನ್ನ ಎದೆಯೂ ಡವಡವ ಅಂತು. 26ರಲ್ಲಿ ಒಂದಾ?

ತಿರುಗಿಸಿ ನೋಡಿದ್ರೆ ‘ದಿ ಲೆಜೆಂಡ್ ಆಫ್ ಜೆಲ್ಡಾ’. 1987ರಲ್ಲಿ ಅಮೆರಿಕಕ್ಕೆ ಬಂದಾಗ ಬಂಗಾರದ ಬಣ್ಣದಲ್ಲೇ ಬಂದಿದ್ದ ಆಟ. ಲಕ್ಷಗಟ್ಟಲೆ ಮಾರಾಟವಾಗಿದ್ದು. ಹೊಳೆಯೋದೆಲ್ಲ ಚಿನ್ನ ಅಲ್ಲ ಅಂತ ಅಜ್ಜಿ ಹೇಳ್ತಿದ್ದದ್ದು ಪ್ಲಾಸ್ಟಿಕ್ಕಿಗೂ ಅನ್ವಯ. ಇಬ್ಬರೂ ನಕ್ಕುಬಿಟ್ವಿ. ಎಷ್ಟೋ ದಿನದ ಮೇಲೆ.

ಎರಡನೇ ಡಬ್ಬಿಯ ಯಂತ್ರ ಇತ್ತಲ್ಲ, ಟಿವಿಗೆ ಸಿಕ್ಕಿಸಿದ್ವಿ. ನಾನು ಅಭ್ಯಾಸಬಲದಿಂದ ಕಾರ್ಟ್ರಿಜ್‌ಗೆ ಫೂ ಅಂತ ಊದೋಕೆ ಹೋದೆ. ತೊಂಬತ್ತರ ದಶಕದಲ್ಲಿ ಟಿವಿ ಗೇಮ್ ಆಡಿದ ಯಾರೇ ಆಗ್ಲಿ ಊದದೇ ಬಿಟ್ಟಿದ್ದಾರಾ? ಇವರು ಕೈ ಹಿಡಿದ್ರು. ಬಾಯಿಯ ತೇವಕ್ಕೆ ತಾಮ್ರದ ಪಟ್ಟಿ ಕಿಲುಬು ಹಿಡಿಯುತ್ತೆ, ಸ್ಪಿರಿಟ್ ಹಚ್ಚಿದ ಹತ್ತಿಯಲ್ಲಿ ಒರೆಸ್ಬೇಕು ಅಂತ. ಒರೆಸಿ ಹಾಕಿದ್ದಕ್ಕೆ ಮೂರನೇ ಸಲಕ್ಕೆ ಪರದೆ ಬೆಳಗಿತು.

ಊರಲ್ಲಿ ನಮ್ಮನೆಯಲ್ಲಿದ್ದ ಟಿವಿ ಗೇಮ್ ಅಸಲಿ ನಿಂಟೆಂಡೋ ಅಲ್ಲ, ಅದರ ನಕಲು. ಒಂದೇ ಕಾರ್ಟ್ರಿಜ್‌ನಲ್ಲಿ ಲಕ್ಷಾಂತರ ಆಟ ಅಂತ ಮೇಲೆ ಬರೆದಿರೋದು, ಒಳಗಿರೋದು ಹತ್ತಿಪ್ಪತ್ತು. ಕರೆಂಟ್ ಹೋದ್ರೆ ಎಲ್ಲಾ ಮೊದಲಿಂದ. ಸ್ಕೋರನ್ನ ನಾನೂ ಅಣ್ಣನೂ ರಫ್ ಪುಸ್ತಕದ ಹಿಂದೆ ಬರೀತಿದ್ವಿ. ಆ ಸೆಟ್ಟನ್ನ ಅಮ್ಮ ಗುಜರಿಯವನಿಗೆ ಕೊಟ್ಟು ಒಂದು ಸ್ಟೀಲ್ ಬೇಸಿನ್ ತಗೊಂಡ್ರು. ಬೇಸಿನ್ ಇವತ್ತೂ ಇದೆ.

ಜೆಲ್ಡಾ ಹಾಗಲ್ಲ. ಕಾರ್ಟ್ರಿಜ್ ಒಳಗೇ ನಾಣ್ಯದಂಥ ಬ್ಯಾಟರಿ ಇರುತ್ತೆ; ಯಂತ್ರ ಆರಿಸಿದ್ರೂ ಆಟ ನೆನಪಿಟ್ಟುಕೊಳ್ಳುತ್ತೆ. ಮೂವರ ಆಟ ಉಳಿಸೋಕೆ ಮೂರು ಜಾಗ. ಮೂವತ್ತು ವರ್ಷದ ಮೇಲೆ ಬ್ಯಾಟರಿ ಸತ್ತಿರುತ್ತೆ ಅಂದ್ಕೊಂಡಿದ್ವಿ. ಸತ್ತಿರ್ಲಿಲ್ಲ.

ಮೂರು ಜಾಗವೂ ತುಂಬಿತ್ತು. ಮೊದಲನೇದು: ಡ್ಯಾಡ್. ಎರಡನೇದು: ಮಾಮ್. ಮೂರನೇದು ಒಂದು ಮಗುವಿನ ಹೆಸರು. ಅದನ್ನ ಇಲ್ಲಿ ಬರೆಯಲ್ಲ. ಈ ಆಟದಲ್ಲಿ ಹೆಸರಿನ ಜೊತೆ ನೀವು ಎಷ್ಟು ಸಲ ಸತ್ತಿದ್ದೀರಿ ಅಂತಲೂ ತೋರಿಸುತ್ತೆ. ಅಪ್ಪ 187 ಸಲ ಸತ್ತಿದ್ದ. ಮಗು 62. ಅಮ್ಮ 9.

ಯಾರದೋ ಮನೆಯ ಹಾಲ್ ಒಂದು ಕ್ಷಣ ನಮ್ಮ ಟಿವಿಯಲ್ಲಿ ಬಂದು ಕೂತ ಹಾಗಾಯ್ತು. ಆಫೀಸಿಂದ ಬಂದು ಟೈ ಸಡಿಲಿಸಿ ಕೂತ ಅಪ್ಪ. “ನನ್ನ ಸರದಿ” ಅಂತ ಜಗ್ಗೋ ಮಗು. ಅಮ್ಮ? ಅವಳಿಗೆ ಆಟ ಶುರುವಾದಾಗ ಕೊಡೋ ಮೂರು ಹೃದಯ ಬಿಟ್ಟು ನಾಲ್ಕನೇದು ಸಿಕ್ಕಿರ್ಲಿಲ್ಲ. ಒಂಬತ್ತು ಸಲ ಆಡಿ ಎದ್ದು ಹೋಗಿದ್ದಾಳೆ. ಒಲೆ ಮೇಲೆ ಏನಿತ್ತೋ.

ಇವರು ಯಂತ್ರ ಆಫ್ ಮಾಡೋಕೆ ಕೈ ಚಾಚಿದವರು ತಟ್ಟನೆ ನಿಂತ್ರು. ಈ ಆಟಕ್ಕೆ ಒಂದು ನಿಯಮ ಇದೆ: ರಿಸೆಟ್ ಗುಂಡಿ ಒತ್ತಿ ಹಿಡಿದುಕೊಂಡೇ ಪವರ್ ಆರಿಸ್ಬೇಕು. ಹಾಗೇ ಆರಿಸಿದ್ರೆ ಉಳಿಸಿದ್ದೆಲ್ಲ ಅಳಿಸಿ ಹೋಗಬಹುದು. ಮ್ಯಾನುಯಲ್‌ನಲ್ಲೇ ಬರೆದಿರೋದು. ಇವರು ಒಂದು ಬೆರಳಲ್ಲಿ ರಿಸೆಟ್ ಒತ್ತಿ, ಇನ್ನೊಂದು ಕೈಯಲ್ಲಿ ಪವರ್ ಒತ್ತಿದ್ದು ನೋಡಿದ್ರೆ ಮಲಗಿದ ಕೂಸಿನ ಪಕ್ಕದಿಂದ ಎದ್ದು ಬಂದ ಹಾಗಿತ್ತು.

ಮಾರನೇ ದಿನ ಹರಾಜು ಹಾಕಿದ್ದ ಸಂಸ್ಥೆಗೆ ಮೇಲ್ ಬರೆದ್ವಿ, ಕೊಟ್ಟವರಿಗೆ ವಾಪಸ್ ಬೇಕಿದ್ರೆ ಕಳಿಸ್ತೀವಿ ಅಂತ. ಯಾರು ಏನು ಕೊಟ್ರು ಅಂತ ನಾವು ಬರೆದಿಡಲ್ಲ, ಆದ್ರೆ ಕೇಳಿದ್ದಕ್ಕೆ ಥ್ಯಾಂಕ್ಸ್ ಅಂತ ಉತ್ತರ ಬಂತು. ಹಳೇ ಗೇಮ್ ಮಾರೋ ಒಬ್ಬರು 30 ಡಾಲರ್ ಕೊಡ್ತೀನಿ ಅಂದ್ರು. ಕೊಂಡವರು ಮೊದಲು ಮಾಡೋದೇ ಬ್ಯಾಟರಿ ಬದಲಾಯಿಸೋದು. ಬದಲಾಯಿಸಿದ್ರೆ ಮೂರೂ ಹೆಸರು ಹೋಗುತ್ತೆ. ನಮಗೆ 30 ಡಾಲರ್ ಬೇಕಿತ್ತು, ನಿಜ. ಆದ್ರೂ ಕೊಡ್ಲಿಲ್ಲ.

ಆರನೇ ಡಬ್ಬಿ ಬರ್ಲಿಲ್ಲ. ನಾನು ಬೈದಿದ್ದಕ್ಕಲ್ಲ. ಕಾರ್ಟ್ರಿಜ್‌ನಲ್ಲಿ ಉಳಿದಿರೋದನ್ನ ಕಂಪ್ಯೂಟರ್‌ಗೆ ಇಳಿಸಿಕೊಳ್ಳೋ ಸಾಧನ ಇದೆಯಂತೆ. ಸ್ನೇಹಿತರೊಬ್ಬರಿಂದ ಎರವಲು ತಂದು ಇವರು ಎರಡು ರಾತ್ರಿ ಅದರಲ್ಲೇ ಮುಳುಗಿದ್ರು. ಕೆಲಸ ಮುಗಿಸಿದ ಮನುಷ್ಯನ ಹಾಗೆ ಮಲಗಿದ್ರು ಕೂಡ. ಒಂದು ಇಂಟರ್‌ವ್ಯೂನಲ್ಲಿ “ಇತ್ತೀಚೆಗೆ ಏನು ಮಾಡಿದ್ರಿ” ಅಂತ ಕೇಳಿದಾಗ ಇದನ್ನೇ ಹೇಳಿದ್ರಂತೆ. ಅದಕ್ಕೇ ಕೆಲಸ ಸಿಕ್ತು ಅಂತ ನಾನು ಕತೆ ಕಟ್ಟಲ್ಲ, ಆ ಕಂಪನಿ ಬೇಡ ಅಂತು. 52ನೇ ದಿನ ಬೇರೆ ಕಂಪನಿ ಹೂಂ ಅಂತು.

ನಿಮಗೂ ಈ ಹರಾಜಿನ ಆಸೆ ಇದ್ರೆ ಅನುಭವದಿಂದ ಎರಡು ಮಾತು. ಒಂದು: ಸಾಗಣೆ ಸೇರಿಸಿ ಮಿತಿ ಹಾಕ್ಕೊಳ್ಳಿ, ಆ ಮೊತ್ತವನ್ನ ಮನೆಯವರಿಗೆ ಮೊದಲೇ ಹೇಳಿ. ಬೆಲೆಬಾಳೋ ವಸ್ತು ಕಂಡ್ರೆ ವಿಂಗಡಿಸುವವರು ಅದನ್ನ ಬೇರೆಯಾಗೇ ಹರಾಜಿಗೆ ಹಾಕ್ತಾರೆ, ಡಬ್ಬಿಗೆ ಬೀಳೋದು ಹೆಚ್ಚಾಗಿ ಉಳಿದದ್ದು. ಕಳಕೊಂಡ್ರೂ ದಾನ ಅಂದ್ಕೊಳ್ಳುವಷ್ಟೇ ಹಾಕಿ. ಎರಡು: ನೀವೇ ಹಳೇ ಫೋನು, ಕ್ಯಾಮೆರಾ, ಗೇಮು ಯಾರಿಗಾದ್ರೂ ಕೊಡೋ ಮುಂಚೆ ಒಮ್ಮೆ ಆನ್ ಮಾಡಿ ನೋಡಿ. ಒಳಗೆ ಯಾರು ಉಳಿದಿದ್ದಾರೋ.

ಮೊನ್ನೆ ಭಾನುವಾರ ಇವರು ಆಡೋಣ ಅಂದ್ರು. ಹೊಸ ಹೆಸರು ಹಾಕ್ಬೇಕಂದ್ರೆ ಮೂರರಲ್ಲೊಂದು ಅಳಿಸ್ಬೇಕು.

“ಅಮ್ಮಂದು ಅಳಿಸೋಣ, ಅವರು ಆಡೇ ಇಲ್ವಲ್ಲ.”

“ಅದನ್ನ ಮಾತ್ರ ಮುಟ್ಬೇಡಿ. ಕೊಡಿ ಇಲ್ಲಿ.”

ಅಳಿಸಲಿಲ್ಲ. ಅವಳ ಆಟವನ್ನೇ ನಾನು ಮುಂದುವರಿಸಿದೆ. ಅಮ್ಮನ ಸಾವು ಈಗ 14, ಹೃದಯ ನಾಲ್ಕು. ರಿಸೆಟ್ ಒತ್ತಿ ಹಿಡ್ಕೊಂಡೇ ಆಫ್ ಮಾಡಿದ್ದೀನಿ.