ಆರು ವಾರ ಸ್ಟಾಪ್‌ವಾಚ್ ಬೇಡ

ಜೂನ್ ಮೊದಲ ವಾರದಲ್ಲಿ ಶಾಲೆಯ ಮೈದಾನ ನೋಡುವುದೇ ಒಂದು ಚೆಂದ. ಒಂದೆರಡು ಮಳೆ ಬಿದ್ದು ಧೂಳು ಅಡಗಿರುತ್ತದೆ. ಅಂಚಿನಲ್ಲಿ ಗರಿಕೆ ಚಿಗುರಿರುತ್ತದೆ. ಪರೀಕ್ಷೆಗೆ ಮೊದಲು ಎಳೆದಿದ್ದ ಸುಣ್ಣದ ಗೆರೆಗಳು ಎಲ್ಲಿದ್ದವೆಂದು ಹುಡುಕಬೇಕು. ಮಕ್ಕಳು ಒಬ್ಬೊಬ್ಬರಾಗಿ ಬರುತ್ತಾರೆ. ಅಜ್ಜಿ ಮನೆಯ ಮಾವಿನಹಣ್ಣು, ಚಿಕ್ಕಪ್ಪನ ಮದುವೆಯ ಹೋಳಿಗೆ, ಮಧ್ಯಾಹ್ನದ ನಿದ್ದೆ, ರಾತ್ರಿ ಹನ್ನೊಂದರವರೆಗಿನ ಮೊಬೈಲು, ಎಲ್ಲದರ ಗುರುತೂ ಅವರ ಮೇಲಿರುತ್ತದೆ. ಕೆಲವರು ಎತ್ತರವಾಗಿರುತ್ತಾರೆ, ಕೆಲವರು ದಪ್ಪವಾಗಿರುತ್ತಾರೆ. ಎಲ್ಲರ ಬಾಯಲ್ಲೂ ಒಂದೇ ಮಾತು: "ಸಾರ್, ಇವತ್ತೇ ಟೈಮಿಂಗ್ ತಗೊಳ್ಳಿ ಸಾರ್."

ಆ ಮಾತು ಕೇಳಿದಾಗಲೆಲ್ಲ ನನಗೆ ಒಬ್ಬಳು ಹುಡುಗಿಯ ನೆನಪಾಗುತ್ತದೆ. ಆಗ ಅವಳು ಒಂಬತ್ತನೇ ತರಗತಿ. 1500 ಮೀಟರ್ ಓಡುತ್ತಿದ್ದಳು. ಹಿಂದಿನ ಫೆಬ್ರವರಿಯಲ್ಲಿ ಅವಳ ವೇಳೆ 5 ನಿಮಿಷ 40 ಸೆಕೆಂಡು. ತಂದೆ ಟೈಲರ್. ಅಂಗಡಿ ಬಾಗಿಲು ತೆಗೆಯುವ ಮುಂಚೆ ಬೆಳಿಗ್ಗೆ ಬಂದು ಕಾಂಪೌಂಡಿನ ಪಕ್ಕ ನಿಂತು ಮಗಳು ಓಡುವುದನ್ನು ನೋಡುತ್ತಿದ್ದರು. ರಜೆ ಮುಗಿಸಿ ಬಂದ ಮೊದಲ ದಿನವೇ ನಾನು ಸ್ಟಾಪ್‌ವಾಚ್ ಹಿಡಿದು ಅವಳನ್ನು ಓಡಿಸಿದೆ. 6 ನಿಮಿಷ 22 ಸೆಕೆಂಡು! ಹುಡುಗಿಯ ಕಣ್ಣಲ್ಲಿ ನೀರು. "ಎರಡು ತಿಂಗಳು ಮಲಗಿದ್ರೆ ಇನ್ನೇನಾಗುತ್ತೆ?" ಎಂದರು ತಂದೆ. ನಾನಾದರೂ ಸುಮ್ಮನಿರಬೇಕಿತ್ತು. "ಹದಿನೈದು ದಿನದಲ್ಲಿ ಸರಿಮಾಡೋಣ ಬಿಡಿ" ಎಂದೆ.

ಹುಡುಗಿ ಆ ಮಾತನ್ನು ಮನಸ್ಸಿಗೆ ಹಚ್ಚಿಕೊಂಡಳು. ಬೆಳಿಗ್ಗೆ ನಮ್ಮ ಜೊತೆ ಓಡಿದ್ದು ಸಾಲದೆಂದು ಸಂಜೆ ಯಾರಿಗೂ ಹೇಳದೆ ಟಾರು ರಸ್ತೆಯಲ್ಲಿ ಓಡಿದಳು. ಮೂರನೇ ವಾರಕ್ಕೆ ವೇಳೆ 5 ನಿಮಿಷ 50 ಸೆಕೆಂಡಿಗೆ ಇಳಿಯಿತು. ನಮಗೆಲ್ಲ ಖುಷಿಯೋ ಖುಷಿ. ನಾಲ್ಕನೇ ವಾರ ಅವಳ ಮೊಣಕಾಲಿನ ಕೆಳಗಿನ ಮುಂಭಾಗದ ಮೂಳೆ ನೋಯತೊಡಗಿತು. ಹೇಳಿದರೆ ಓಟ ನಿಲ್ಲಿಸುತ್ತಾರೆಂದು ಹುಡುಗಿ ಬಾಯಿ ಬಿಡಲಿಲ್ಲ. ರಾತ್ರಿ ಮುಲಾಮು ಹಚ್ಚಿಕೊಂಡು ಮಲಗಿದಳು, ಬೆಳಿಗ್ಗೆ ಎದ್ದು ಓಡಿದಳು. ಮನೆಯ ಮೆಟ್ಟಿಲನ್ನು ಮಗಳು ಓರೆಯಾಗಿ ಇಳಿಯುತ್ತಿದ್ದುದನ್ನು ಕಂಡುಹಿಡಿದವರು ಅವಳ ತಾಯಿ. ಮೊದಲ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಎರಡು ವಾರ ಬಿಟ್ಟು ತೆಗೆದದ್ದರಲ್ಲಿ ಮೂಳೆಯ ಮೇಲೆ ಕೂದಲೆಳೆಯಂಥ ಬಿರುಕು ಕಂಡಿತು. ಹತ್ತು ವಾರ ಓಡುವಂತಿಲ್ಲ ಎಂದರು ಡಾಕ್ಟರು. ಅಷ್ಟರಲ್ಲಿ ಆ ವರ್ಷದ ಕ್ರೀಡಾಕೂಟಗಳೆಲ್ಲ ಮುಗಿದುಹೋದವು. "ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಓಟ ಗೀಟ ಸಾಕು ಸಾರ್" ಎಂದರು ತಂದೆ. ನನ್ನಲ್ಲಿ ಉತ್ತರವಿರಲಿಲ್ಲ. ತಪ್ಪು ಹುಡುಗಿಯದಲ್ಲ, ಅವರದೂ ಅಲ್ಲ. ವಾಚು ಹಿಡಿದವನು ನಾನು.

ರಜೆಯಲ್ಲಿ ದೇಹಕ್ಕೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ತಿಳಿದುಕೊಂಡರೆ ಇಂಥ ಅವಸರ ತಾನೇ ಕಡಿಮೆಯಾಗುತ್ತದೆ. ಅಮೆರಿಕದ ಎಡ್ವರ್ಡ್ ಕಾಯ್ಲ್ ಮತ್ತು ಸಂಗಡಿಗರು 1984ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಚೆನ್ನಾಗಿ ಪಳಗಿದ 7 ಜನ ವಯಸ್ಕರ ತರಬೇತಿಯನ್ನು ಪೂರ್ತಿ ನಿಲ್ಲಿಸಿ ಅಳೆಯುತ್ತಾ ಹೋದರು. ದೇಹ ಹೆಚ್ಚೆಂದರೆ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬ ಶಕ್ತಿ ಮೊದಲ 21 ದಿನಗಳಲ್ಲೇ ಶೇಕಡ 7ರಷ್ಟು ಇಳಿದಿತ್ತು. 56 ದಿನಗಳ ಹೊತ್ತಿಗೆ ಶೇಕಡ 16ರಷ್ಟು ಇಳಿದು ಅಲ್ಲಿಗೆ ನಿಂತಿತು. ನಮ್ಮ ಬೇಸಿಗೆ ರಜೆಯೂ ಹೆಚ್ಚುಕಡಿಮೆ ಅಷ್ಟೇ ದಿನ, ಅಲ್ಲವೆ? ಅಂದಮೇಲೆ ಜೂನ್‌ನಲ್ಲಿ ಏದುಸಿರು ಬಂದರೆ ಅದು ಸೋಮಾರಿತನದ ಗುರುತಲ್ಲ. ಎಲ್ಲರ ದೇಹವೂ ಹಾಗೆಯೇ.

ಹೀಗೆ ಇಳಿದದ್ದರಲ್ಲಿ ಒಂದು ಪಾಲು ಬೇಗನೆ ಮರಳುತ್ತದೆ. ಓಟ ನಿಂತಾಗ ರಕ್ತದಲ್ಲಿನ ದ್ರವಾಂಶ ಕಡಿಮೆಯಾಗುತ್ತದೆ, ಹೃದಯ ಒಂದು ಬಡಿತಕ್ಕೆ ತಳ್ಳುವ ರಕ್ತವೂ ಕಡಿಮೆಯಾಗುತ್ತದೆ. ಮತ್ತೆ ಓಡತೊಡಗಿದರೆ ಎರಡು ಮೂರು ವಾರಗಳಲ್ಲೇ ಉಸಿರು ಹಗುರವಾಗುತ್ತದೆ. ಅಪಾಯವಿರುವುದು ಇಲ್ಲೇ. ಉಸಿರು ಹಿಡಿತಕ್ಕೆ ಬಂದಿತೆಂದು ಹುಡುಗರು ವೇಗ ಹೆಚ್ಚಿಸುತ್ತಾರೆ. ಆದರೆ ಮೂಳೆ, ಮತ್ತು ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಅಷ್ಟು ಬೇಗ ಸಿದ್ಧವಾಗುವುದಿಲ್ಲ. ಮಳೆಗಾಲಕ್ಕೆ ಮುಂಚೆ ಹಂಚಿನ ಮನೆಗಳಲ್ಲಿ ಹೆಂಚು ಕೈಯಾಡಿಸುತ್ತಾರಲ್ಲ, ಮೂಳೆಯ ಕೆಲಸವೂ ಹಾಗೇ. ಹೊಸ ಭಾರ ಬಿದ್ದಾಗ ಅದು ಮೊದಲು ಹಳೆಯದನ್ನು ತೆಗೆಯುತ್ತದೆ, ಆಮೇಲೆ ಹೊಸತನ್ನು ಕೂರಿಸುತ್ತದೆ. ತೆಗೆಯುವುದಕ್ಕೆ ಕೆಲವು ವಾರ ಸಾಕು, ಕೂರಿಸುವುದಕ್ಕೆ ತಿಂಗಳುಗಳೇ ಬೇಕು. ಹೆಂಚು ತೆಗೆದಿಟ್ಟ ಹೊತ್ತಿನಲ್ಲಿ ಜಡಿಮಳೆ ಬಂದರೆ? ನಮ್ಮ ಹುಡುಗಿಗೆ ಆದದ್ದು ಅದೇ.

ಬೆಳೆಯುವ ಮಕ್ಕಳಲ್ಲಿ ಇನ್ನೊಂದು ಸಂಗತಿ ಇದೆ. ಅವರ ಮೂಳೆಗಳ ತುದಿಯಲ್ಲಿ ಬೆಳವಣಿಗೆಯ ಮೆದು ಭಾಗ ಇರುತ್ತದೆ. ಮೂಳೆ ಸರಸರ ಉದ್ದವಾಗುವ ವರ್ಷಗಳಲ್ಲಿ ಸ್ನಾಯುಗಳು ಬಿಗಿದು ಆ ಭಾಗವನ್ನು ಎಳೆಯುತ್ತವೆ. ಮೊಣಕಾಲ ಚಿಪ್ಪಿನ ಕೆಳಗೆ ಗಂಟಿನಂತೆ ಉಬ್ಬಿ ನೋಯುವುದು, ಹಿಮ್ಮಡಿ ನೋಯುವುದು ಈ ವಯಸ್ಸಿನಲ್ಲಿ ಸಾಮಾನ್ಯ. ಏಪ್ರಿಲ್‌ನಲ್ಲಿ ಹೋದ ಮಗುವೇ ಜೂನ್‌ನಲ್ಲಿ ಬಂದಿದೆ ಎಂದುಕೊಳ್ಳಬೇಡಿ. ಬಂದಿರುವುದು ಸ್ವಲ್ಪ ಬೇರೆಯ ಕಾಲು, ಸ್ವಲ್ಪ ಬೇರೆಯ ತೂಕ.

ಹಾಗಾದರೆ ಮಾಡಬೇಕಾದದ್ದೇನು? ರಜೆಗೆ ಮುಂಚೆ ನಿಯಮಿತವಾಗಿ ಓಡುತ್ತಿದ್ದ, ಆರೋಗ್ಯವಾಗಿರುವ ಹೈಸ್ಕೂಲು ಮಕ್ಕಳಿಗೆ ನಾನು ಈಗ ಬರೆದುಕೊಡುವ ಕ್ರಮ ಇದು.

ಮೊದಲ ವಾರ ಮೂರೇ ದಿನ, ದಿನ ಬಿಟ್ಟು ದಿನ. ಐದು ನಿಮಿಷ ಚುರುಕು ನಡಿಗೆ. ಆಮೇಲೆ ಒಂದು ನಿಮಿಷ ನಿಧಾನ ಓಟ, ಒಂದು ನಿಮಿಷ ನಡಿಗೆ, ಹೀಗೆ ಎಂಟು ಸಲ. ಕೊನೆಗೆ ಮತ್ತೆ ಐದು ನಿಮಿಷ ನಡಿಗೆ. ಮೊದಲ ಮತ್ತು ಕೊನೆಯ ನಡಿಗೆ ಎಲ್ಲ ವಾರಗಳಿಗೂ ಕಡ್ಡಾಯ.

ಎರಡನೇ ವಾರವೂ ಮೂರು ದಿನ. ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ, ಆರು ಸಲ.

ಮೂರನೇ ವಾರ ನಾಲ್ಕು ದಿನ. ಐದು ನಿಮಿಷ ಓಟ, ಒಂದು ನಿಮಿಷ ನಡಿಗೆ, ಮೂರು ಸಲ. "ಇಷ್ಟೇನಾ ಸಾರ್?" ಎಂದು ಹುಡುಗರು ಗೊಣಗುವುದು ಈ ವಾರದಲ್ಲೇ. ಕಿವಿಗೆ ಹಾಕಿಕೊಳ್ಳಬಾರದು.

ನಾಲ್ಕನೇ ವಾರ ನಾಲ್ಕು ದಿನ, ನಡುವೆ ನಿಲ್ಲಿಸದೆ 15ರಿಂದ 20 ನಿಮಿಷ ನಿಧಾನ ಓಟ.

ಐದನೇ ವಾರ ಒಂದು ದಿನ 25 ನಿಮಿಷ, ಉಳಿದ ಮೂರು ದಿನ 20 ನಿಮಿಷ. ಒಂದು ದಿನದ ಕೊನೆಗೆ 80 ಮೀಟರಿನ ನಾಲ್ಕು ಓಟ, ತುಸು ವೇಗವಾಗಿ. ಪೂರ್ತಿ ವೇಗ ಇನ್ನೂ ಬೇಡ.

ಆರನೇ ವಾರ ಒಂದು ದಿನ ಮಾತ್ರ ವೇಗದ ಅಭ್ಯಾಸ. ಅದೂ ಮುಗಿದ ಮೇಲೆ ಸ್ಟಾಪ್‌ವಾಚ್ ಹೊರಗೆ ಬರಬಹುದು.

ನಿಧಾನ ಎಂದರೆ ಎಷ್ಟು ನಿಧಾನ? ಇದಕ್ಕೆ ಯಂತ್ರ ಬೇಡ. ಓಡುತ್ತಾ ಹದಿಮೂರರ ಮಗ್ಗಿ ಹೇಳಬೇಕು. ಪ್ರತಿ ಸಾಲಿಗೂ ಉಸಿರು ಕಟ್ಟಿದರೆ ವೇಗ ಹೆಚ್ಚಾಯಿತೆಂದು ಅರ್ಥ. ಮಗ್ಗಿಯೇ ಬಾರದಿದ್ದರೆ ಅದು ಗಣಿತದ ಮೇಷ್ಟರಿಗೆ ಬಿಟ್ಟ ವಿಷಯ!

ಮಕ್ಕಳೇ, ಎಲ್ಲ ನೋವಿಗೂ ಹೆದರಬೇಕಾಗಿಲ್ಲ. ಓಡಿದ ಮರುದಿನ ತೊಡೆ, ಮೀನಖಂಡ ಎರಡೂ ಕಾಲಿನಲ್ಲಿ ಬಿಗಿದುಕೊಂಡು, ಎರಡು ಮೂರು ದಿನದಲ್ಲಿ ತಾನೇ ಹೋಗುವ ನೋವು ಕೆಲಸದ ನೋವು. ಒಂದೇ ಕಾಲಿನಲ್ಲಿ, ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದಲ್ಲಿ, ಓಡಿದಷ್ಟೂ ಹೆಚ್ಚಾಗುವ ನೋವು ಬೇರೆ. ಕುಂಟುವಂತಾದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ಅಂದೇ ಓಟ ನಿಲ್ಲಿಸಿ ಮನೆಯಲ್ಲಿ ಹೇಳಿ, ಡಾಕ್ಟರ ಹತ್ತಿರ ಹೋಗಿ. ಮುಲಾಮು ಹಚ್ಚಿ ಓಡುವುದು ಶೂರತನವಲ್ಲ. ಓಡುವಾಗ ಎದೆನೋವು ಬಂದರೆ, ತಲೆ ಸುತ್ತಿ ಬಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಇನ್ನು ತಂದೆ ತಾಯಂದಿರಿಗೆ ನಾಲ್ಕು ಮಾತು.

ಮೊದಲು ಶೂ ನೋಡಿ. ಮಾರ್ಚ್‌ನಲ್ಲಿ ಸರಿಯಾಗಿದ್ದ ಶೂ ಜೂನ್‌ಗೆ ಬಿಗಿಯಾಗಿರಬಹುದು. ಮಗುವನ್ನು ನಿಲ್ಲಿಸಿ, ಉದ್ದದ ಬೆರಳಿನ ಮುಂದೆ ನಿಮ್ಮ ಹೆಬ್ಬೆರಳಿನ ಅಗಲ ಜಾಗವಿದೆಯೇ ಒತ್ತಿ ನೋಡಿ. ದುಬಾರಿ ಶೂ ಬೇಕೆಂದಿಲ್ಲ, ಅಳತೆ ಸರಿಯಿರಬೇಕು. ಮಳೆಯಲ್ಲಿ ನೆನೆದ ಶೂ ಒಳಗೆ ಹಳೆಯ ಪೇಪರ್ ತುರುಕಿಟ್ಟರೆ ಬೆಳಗಾಗುವಷ್ಟರಲ್ಲಿ ಬಹುಮಟ್ಟಿಗೆ ಒಣಗುತ್ತದೆ.

ಎರಡನೆಯದು ನಿದ್ದೆ. ರಜೆಯಲ್ಲಿ ತಡವಾಗಿ ಮಲಗಿ ತಡವಾಗಿ ಎದ್ದ ಮಗುವನ್ನು ಒಮ್ಮೆಲೇ ಐದು ಗಂಟೆಗೆ ಎಬ್ಬಿಸಿ ಮೈದಾನಕ್ಕೆ ಅಟ್ಟಿದರೆ, ಅದು ನಿದ್ದೆ ಕಳೆದುಕೊಂಡು ಓಡುತ್ತದೆಯೇ ಹೊರತು ಅಭ್ಯಾಸಕ್ಕೆ ಮರಳುವುದಿಲ್ಲ. ಮಲಗುವ ವೇಳೆಯನ್ನು ದಿನಕ್ಕೆ ಹದಿನೈದು ನಿಮಿಷದಂತೆ ಹಿಂದಕ್ಕೆ ತನ್ನಿ. ಮೊದಲ ಎರಡು ವಾರ ಸಂಜೆ ಓಡಿದರೂ ನಷ್ಟವಿಲ್ಲ.

ಮೂರನೆಯದು ಊಟ. ಬೆಳಿಗ್ಗೆ ಓಡುವ ಮೊದಲು ಒಂದು ಬಾಳೆಹಣ್ಣು, ನೀರು ಸಾಕು. ಬಂದ ಮೇಲೆ ಹೊಟ್ಟೆ ತುಂಬ ತಿಂಡಿ. ಮುದ್ದೆ, ಸೊಪ್ಪಿನ ಸಾರು, ಮೊಳಕೆಕಾಳು, ಹಾಲು, ತಿನ್ನುವವರಿಗೆ ಮೊಟ್ಟೆ, ಇವುಗಳ ಮುಂದೆ ಯಾವ ಡಬ್ಬಿಯ ಪುಡಿಯೂ ದೊಡ್ಡದಲ್ಲ. ಹೆಣ್ಣುಮಕ್ಕಳು ಸದಾ ಸುಸ್ತು ಎಂದರೆ "ಓಡೋಕೆ ಕಳ್ಳತನ" ಎಂದು ಗದರಬೇಡಿ. ಆ ವಯಸ್ಸಿನಲ್ಲಿ ರಕ್ತಹೀನತೆ ತೀರ ಸಾಮಾನ್ಯ. ರಕ್ತ ಪರೀಕ್ಷೆ ಮಾಡಿಸಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಕಿಟಕಿಯಾಚೆ ಎಸೆಯದೆ ನುಂಗಲು ಹೇಳಿ. ಊಟದ ಜೊತೆಗೇ ಕಾಫಿ, ಟೀ ಕುಡಿದರೆ ಆಹಾರದ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ.

ನಾಲ್ಕನೆಯದು ನಿಮ್ಮ ಮಾತು. ಮೈದಾನದಿಂದ ಬಂದ ಮಗುವನ್ನು "ಎಷ್ಟು ಟೈಮು?" ಎಂದು ಕೇಳುವ ಬದಲು "ಕಾಲು ಹೇಗಿದೆ?" ಎಂದು ಕೇಳಿ. ಟೈಮು ಕೇಳುವ ಮನೆಯಲ್ಲಿ ಮಕ್ಕಳು ನೋವನ್ನು ಮುಚ್ಚಿಡುತ್ತಾರೆ.

ಬಿಟ್ಟದ್ದು ಮತ್ತೆ ಬರುವುದಿಲ್ಲವೇನೋ ಎಂಬ ಭಯವೂ ಬೇಡ. ಪಿ.ಟಿ. ಉಷಾ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಸೆಕೆಂಡಿನ ನೂರರಲ್ಲಿ ಒಂದು ಭಾಗದಿಂದ ಕಂಚು ಕಳೆದುಕೊಂಡ ಕಥೆ ಎಲ್ಲರಿಗೂ ಗೊತ್ತು. ಅವರು 1990ರ ನಂತರ ಓಟ ಬಿಟ್ಟು, ಮದುವೆಯಾಗಿ, ತಾಯಿಯಾಗಿ, ಮತ್ತೆ ಟ್ರ್ಯಾಕಿಗೆ ಬಂದು, 1998ರಲ್ಲಿ ಜಪಾನಿನ ಫುಕುವೋಕಾದಲ್ಲಿ ನಡೆದ ಏಷ್ಯನ್ ಕೂಟದಲ್ಲಿ 200 ಮತ್ತು 400 ಮೀಟರ್‌ಗಳಲ್ಲಿ ಕಂಚು ಗೆದ್ದದ್ದು ಅಷ್ಟಾಗಿ ಯಾರ ಬಾಯಲ್ಲೂ ಬರುವುದಿಲ್ಲ. ವರ್ಷಗಳ ಬಿಡುವಿನಿಂದಲೇ ಮರಳಬಹುದಾದರೆ ಎರಡು ತಿಂಗಳ ರಜೆ ಯಾವ ಲೆಕ್ಕ?

ಹುಡುಗಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮರುವರ್ಷ ಮೇ ಕೊನೆಯಲ್ಲಿ ನಾನೇ ಅವಳ ತಂದೆಯ ಅಂಗಡಿಗೆ ಹೋದೆ. ಮೇಲಿನ ಆರು ವಾರದ ಕ್ರಮವನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟು, ಸ್ಟಾಪ್‌ವಾಚನ್ನೂ ಅವರ ಕೈಗಿಟ್ಟೆ. "ಇದು ನಿಮ್ಮ ಹತ್ತಿರವೇ ಇರಲಿ. ನಾನು ಕೇಳಿದರೂ ಆರು ವಾರ ಕೊಡಬೇಡಿ" ಎಂದೆ. ಅವರು ನನ್ನ ಮುಖ ನೋಡಿದರು, ಹಾಳೆ ನೋಡಿದರು. "ದಿನಕ್ಕೆ ಅರ್ಧ ಗಂಟೆ ತಾನೇ ಸಾರ್? ಓದಿಗೇನೂ ತೊಂದರೆಯಾಗಲ್ಲ" ಎಂದು ಗುಂಡಿ, ದಾರದುಂಡೆಗಳ ಡ್ರಾಯರಿನಲ್ಲಿ ವಾಚು ಇಟ್ಟು ಮುಚ್ಚಿದರು. ಜುಲೈ ಮಧ್ಯದಲ್ಲಿ ಒಂದು ಬೆಳಿಗ್ಗೆ ಅವರೇ ಅದನ್ನು ಮೈದಾನಕ್ಕೆ ತಂದುಕೊಟ್ಟರು. ಸೀಮೆಸುಣ್ಣದ ಪುಡಿ ಮೆತ್ತಿತ್ತು.

ಆ ವರ್ಷ ಹುಡುಗಿ ತಾಲ್ಲೂಕಿಗೆ ಮೂರನೆಯವಳಾದಳು. ಜಿಲ್ಲಾಮಟ್ಟಕ್ಕೆ ಆಯ್ಕೆಯಾಗಲಿಲ್ಲ. ಎಸ್ಸೆಸ್ಸೆಲ್ಸಿ ಚೆನ್ನಾಗಿಯೇ ಪಾಸಾದಳು. ಈಗ ಬೇರೆ ಊರಿನಲ್ಲಿ ಕಾಲೇಜು ಓದುತ್ತಿದ್ದಾಳೆ. ರಜೆಗೆ ಊರಿಗೆ ಬಂದಾಗ ಬೆಳಿಗ್ಗೆ ನಮ್ಮ ಮೈದಾನದಲ್ಲಿ ಒಂದು ನಿಮಿಷ ಓಡಿ, ಒಂದು ನಿಮಿಷ ನಡೆಯುತ್ತಿರುತ್ತಾಳೆ. ಅವಳ ಕೈಯಲ್ಲಿ ವಾಚು ಇರುವುದಿಲ್ಲ.