ಮನೆಪಾಠಕ್ಕೆ ಎರಡು ನ್ಯಾಯ ಬೇಡ

ಕ್ರೈಸ್ತ ತಾಯಿಯೊಬ್ಬರು ಬೆಳಿಗ್ಗೆ ಪ್ರಾರ್ಥನೆ ಮುಗಿಸಿ, ಮಕ್ಕಳನ್ನು ಜಗಲಿಯಲ್ಲಿ ಕೂರಿಸಿ ಕಾಗುಣಿತ, ಮಗ್ಗಿ ಹೇಳಿಕೊಟ್ಟರೆ ನಮ್ಮ ಕೋಣಂದೂರು ಪೇಟೆಯಲ್ಲಿ ‘ಮಕ್ಕಳು ಏನು ಕಲಿತರು?’ ಎಂದು ಕೇಳುವವರು ಕಡಿಮೆ. ‘ಒಳಗೆ ಇನ್ನೇನು ನಡೀತದೆ?’ ಎನ್ನುವವರೇ ಹೆಚ್ಚು. ಈ ಅನುಮಾನಕ್ಕೆ ನಮ್ಮ ವಿರೋಧವಿದೆ.

ಇದೇ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಬಾಲಕ ಕುವೆಂಪು ಮೊದಲು ಕಲಿತದ್ದು ಮನೆಯಲ್ಲೇ, ದಕ್ಷಿಣ ಕನ್ನಡದಿಂದ ಕರೆಸಿದ ಮೇಷ್ಟ್ರ ಹತ್ತಿರ. ಆ ಮನೆಯನ್ನು ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತೇವೆ. ಅಲ್ಲಿ ಸಂಸ್ಕಾರವಾದದ್ದು ಇಲ್ಲಿ ಸಂಶಯ ಹೇಗಾಯಿತು?

ಹಾಗಂತ ಮನೆಪಾಠವೊಂದೇ ಸಾಕು ಎನ್ನುವವರ ಮಾತನ್ನೂ ನಾವು ಒಪ್ಪುವುದಿಲ್ಲ. ಕುವೆಂಪು ಕೂಡ ಮುಂದೆ ತೀರ್ಥಹಳ್ಳಿಯ ಶಾಲೆಗೆ ಹೋದರು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ. ಸೇರಿಸದಿದ್ದರೆ ಅದರಲ್ಲಿ ದಂಡವಿಲ್ಲ. ಮನೆಯಲ್ಲಿ ಕಲಿಯುವ ಮಗುವಿಗೆ ದಾರಿಯನ್ನೂ ತೋರಿಸಿಲ್ಲ. ನಷ್ಟ ಮಗುವಿಗೇ: ಬಿಸಿಯೂಟವಿಲ್ಲ, ಉಚಿತ ಪುಸ್ತಕವಿಲ್ಲ, ಬೇರೆ ಜಾತಿ-ಮತದ ಮಗುವಿನ ಪಕ್ಕ ಕೂರುವ ಬೆಂಚಿಲ್ಲ.

ನಮ್ಮ ಬೇಡಿಕೆ ಇಷ್ಟೇ. ಇಂಥ ಮಕ್ಕಳ ಹೆಸರು ಹತ್ತಿರದ ಸರ್ಕಾರಿ ಶಾಲೆಯಲ್ಲಿ ದಾಖಲಾಗಲಿ. ವಾರಕ್ಕೆರಡು ದಿನವಾದರೂ ಆಟಕ್ಕೆ, ಊಟಕ್ಕೆ, ಪುಸ್ತಕಕ್ಕೆ ಅವರು ಶಾಲೆಗೆ ಬರಲಿ. ವರ್ಷಕ್ಕೊಮ್ಮೆ ಮೇಷ್ಟ್ರು ಕಲಿಕೆ ಪರೀಕ್ಷಿಸಲಿ, ಪ್ರಾರ್ಥನೆಯ ತಂಟೆಗೆ ಹೋಗುವುದು ಬೇಡ. ಮಕ್ಕಳಿಲ್ಲದೆ ಬಾಗಿಲು ಹಾಕುವ ಭಯದಲ್ಲಿರುವ ಮಲೆನಾಡಿನ ಶಾಲೆಗಳಿಗೂ ಹಾಜರಿ ಪುಸ್ತಕದಲ್ಲಿ ನಾಲ್ಕು ಹೆಸರು ಹೆಚ್ಚಾಗುತ್ತವೆ.

ಇಲಾಖೆ ಇದಕ್ಕೆ ಉತ್ತರ ಕೊಡಬೇಕು. ಪೇಟೆಯ ಪಿಸುಮಾತು ಕಾನೂನಾಗಬಾರದು.